ಗೋಕಾಕ ಜಲಪಾತ ನೋಡುವ ಬಗೆ: ಹೊಳೆಯ ನೀರು ನೋಡಿ ದಿನ ಗೊತ್ತು ಮಾಡುವುದರಿಂದ ಕರದಂಟು ಕಟ್ಟಿಸಿಕೊಂಡು ಬರುವವರೆಗೆ

ಗೋಕಾಕ ಫಾಲ್ಸ್‌ಗೆ ಹೋಗಿ ಬಂದವರನ್ನು ಕೇಳಿ ನೋಡಿ. ಕೆಲವರು "ಏನ್ ನೀರರೀ ಅದು, ಎದಿ ಝಲ್ ಅಂತು" ಎನ್ನುತ್ತಾರೆ. ಇನ್ನು ಕೆಲವರು "ಬರೇ ಬಂಡೆಗಲ್ಲು ನೋಡಿ ಬಂದ್ವಿ" ಎಂದು ಮುಖ ಸಣ್ಣದು ಮಾಡುತ್ತಾರೆ. ಇಬ್ಬರೂ ನಿಂತದ್ದು ಒಂದೇ ಜಾಗದಲ್ಲಿ, ಹೋದ ದಿನ ಮಾತ್ರ ಬೇರೆ. ಈ ಜಲಪಾತ ವರ್ಷವಿಡೀ ಒಂದೇ ರೀತಿ ಧುಮುಕುವುದಿಲ್ಲ. ಮೇಲೆ ಎಲ್ಲೋ ಮಳೆಯಾಗಬೇಕು, ಅಣೆಕಟ್ಟು ತುಂಬಬೇಕು, ಗೇಟು ಎತ್ತಬೇಕು, ಕಾಲುವೆಗೆ ಹೋಗಿ ಉಳಿದ ನೀರು ಇಲ್ಲಿಗೆ ಬರಬೇಕು. ಹಾಗಾಗಿ ಈ ಪ್ರವಾಸದ ತಯಾರಿ ಶುರುವಾಗಬೇಕಾದದ್ದು ರಜೆಯ ಪಟ್ಟಿಯಿಂದಲ್ಲ, ಹೊಳೆಯಿಂದ. ನನ್ನ ಸಲಹೆಯಲ್ಲಿ ಅರ್ಧ ಭಾಗ ಇದೇ. ಉಳಿದರ್ಧ, ಅಲ್ಲಿ ಹೋದ ಮೇಲೆ ಏನು ನೋಡಬೇಕು, ಎಲ್ಲಿ ಕಾಲಿಡಬಾರದು ಎಂಬುದು.

ಮೊದಲು ಜಾಗದ ಪರಿಚಯ. ಘಟಪ್ರಭಾ ನದಿ ಗೋಕಾಕ ಪಟ್ಟಣದಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ಮರಳುಗಲ್ಲಿನ ಕಡಿದಾದ ಅಂಚಿನಿಂದ ಸುಮಾರು 52 ಮೀಟರ್, ಅಂದರೆ 171 ಅಡಿ ಕೆಳಗೆ ಬೀಳುತ್ತದೆ. ಅಂಚು ನೆಟ್ಟಗಿಲ್ಲ, ಕುದುರೆ ಲಾಳದ ಹಾಗೆ ಬಾಗಿದೆ. ನೀರು ತುಂಬಿ ಬಂದಾಗ ಆ ಬಾಗಿನ ಉದ್ದಕ್ಕೂ, ಸುಮಾರು 177 ಮೀಟರ್ ಅಗಲಕ್ಕೆ ಹರಡಿಕೊಂಡು ಬೀಳುತ್ತದೆ. ಎತ್ತರದ ಮಾತು ಬಂದರೆ ಜೋಗದ 253 ಮೀಟರ್ ಮುಂದೆ ಇದು ಸಣ್ಣದೇ. ಗೋಕಾಕದ ಗತ್ತು ಇರುವುದು ಅಗಲದಲ್ಲಿ ಮತ್ತು ನೀರಿನ ತೂಕದಲ್ಲಿ. ಜೋಗದಲ್ಲಿ ನೀವು ದೂರದಿಂದ ನೋಡುತ್ತೀರಿ. ಇಲ್ಲಿ ಬೀಳುವ ನೀರಿನ ಪಕ್ಕದಲ್ಲೇ ನಿಂತಿರುತ್ತೀರಿ, ಕಾಲ ಕೆಳಗಿನ ಕಲ್ಲು ಅದುರುವುದು ಗೊತ್ತಾಗುತ್ತದೆ.

1. ಮೊದಲ ಕೆಲಸ: ಹೊಳೆಯ ಸುದ್ದಿ ತಿಳಿದುಕೊಳ್ಳಿ

ಗೋಕಾಕದಲ್ಲಿ ಮಳೆ ಬಿದ್ದರೆ ಜಲಪಾತ ತುಂಬುತ್ತದೆ ಎಂದು ತಿಳಿದವರು ಬಹಳ. ಗೋಕಾಕ ಒಣ ಸೀಮೆ, ಅಲ್ಲಿನ ಮಳೆಗೂ ಜಲಪಾತಕ್ಕೂ ಹೆಚ್ಚಿನ ಸಂಬಂಧ ಇಲ್ಲ. ಘಟಪ್ರಭಾ ಹುಟ್ಟುವುದು ಪಶ್ಚಿಮದಲ್ಲಿ, ಮಹಾರಾಷ್ಟ್ರದ ಸೆರಗಿನ ಸಹ್ಯಾದ್ರಿಯಲ್ಲಿ. ಅಲ್ಲಿ ಜೂನ್ ಎರಡನೇ ವಾರದ ನಂತರ ಮಳೆ ಹಿಡಿದರೆ ಹಗಲು ರಾತ್ರಿ ಬಿಡದೆ ಸುರಿಯುತ್ತದೆ. ಆ ನೀರು ಹರಿದು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯಕ್ಕೆ ಬರುತ್ತದೆ. ದಾಖಲೆಯಲ್ಲಿ ಇದರ ಹೆಸರು ರಾಜಾ ಲಖಮಗೌಡ ಜಲಾಶಯ, ಊರವರ ಬಾಯಲ್ಲಿ ಹಿಡಕಲ್ ಡ್ಯಾಮ್. ಸುಮಾರು 51 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುವ ಈ ಡ್ಯಾಮು ಮಳೆಗಾಲದ ಮೊದಲ ಭಾಗದಲ್ಲಿ ಬಂದದ್ದನ್ನೆಲ್ಲ ಒಳಗೆ ಹಾಕಿಕೊಳ್ಳುತ್ತದೆ. ಅದು ತುಂಬುವ ಹಂತಕ್ಕೆ ಬಂದ ಮೇಲೆ ಗೇಟು ಎತ್ತುತ್ತಾರೆ. ಟಿವಿಯಲ್ಲಿ ಕೊಲ್ಹಾಪುರದ ಕಡೆ ಜೋರು ಮಳೆ ಎಂದು ತೋರಿಸಿದ ಮರುದಿನವೇ ಗೋಕಾಕಕ್ಕೆ ಓಡಿದವರು ನಿರಾಸೆಯಿಂದ ಬರುವುದು ಇದಕ್ಕೇ.

ಇನ್ನೊಂದು ಹೊಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಂಬೋಲಿ ಕಡೆಯಿಂದ ಬಂದು, ಸಂಕೇಶ್ವರವನ್ನು ದಾಟಿ ಹರಿಯುವ ಹಿರಣ್ಯಕೇಶಿ ಹಿಡಕಲ್ ಡ್ಯಾಮಿನ ಕೆಳಗೆ ಘಟಪ್ರಭೆಯನ್ನು ಸೇರುತ್ತದೆ. ಹಾಗಾಗಿ ಹಿಡಕಲ್ ಗೇಟು ಮುಚ್ಚಿದ್ದರೂ ಹಿರಣ್ಯಕೇಶಿಗೆ ಕೆಂಪು ನೀರು ಬಂತೆಂದರೆ ಫಾಲ್ಸ್‌ಗೆ ಜೀವ ಬರುತ್ತದೆ. ಜುಲೈ ಮೊದಲರ್ಧದಲ್ಲಿ ಕಾಣುವ ನೀರಿಗೆ ಬಹುಮಟ್ಟಿಗೆ ಇದೇ ಕಾರಣ. ಮುಂದೆ ಧೂಪದಾಳದಲ್ಲಿ ಒಂದು ಹಳೆಯ ಒಡ್ಡು ಇದೆ. ಬ್ರಿಟಿಷರ ಕಾಲದ್ದು. ಅಲ್ಲಿಂದ ಕಾಲುವೆಗೆ ನೀರು ತಿರುಗುತ್ತದೆ. ಒಡ್ಡಿನ ಮೇಲೆ ಹರಿದು ದಾಟಿದ ನೀರೇ ಜಲಪಾತಕ್ಕೆ ಸಿಗುವ ನೀರು. ಬೇಸಿಗೆಯಲ್ಲಿ ರೈತರ ಹೊಲಗಳಿಗೆ ಹೋಗುವ ಪಾಲು ಮೊದಲು, ಜಲಪಾತಕ್ಕೆ ಉಳಿಯುವುದು ಏನೂ ಇಲ್ಲ. ಅದು ಸರಿಯಾದದ್ದೇ.

ಈ ಮೂರನ್ನು ಕೂಡಿಸಿದರೆ ತಿಂಗಳುಗಳ ಲೆಕ್ಕ ತಾನಾಗಿ ಸಿಗುತ್ತದೆ. ಜುಲೈ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಸುಗ್ಗಿ. ಒಂದೇ ತಿಂಗಳು ಹೇಳಿ ಎಂದರೆ ಆಗಸ್ಟ್ ಹೇಳುತ್ತೇನೆ. ಹಿಂಗಾರು ಚೆನ್ನಾಗಿ ಹಿಡಿದ ವರ್ಷ ಅಕ್ಟೋಬರಿನಲ್ಲೂ ನೋಡುವಷ್ಟು ನೀರು ಇರುತ್ತದೆ, ಆಗ ಕೆಸರಿನ ಬಣ್ಣ ಇಳಿದು ನೀರು ಬೆಳ್ಳಗೂ ಕಾಣುತ್ತದೆ. ದೀಪಾವಳಿ ದಾಟಿದ ಮೇಲೆ ಅಲ್ಲಲ್ಲಿ ಎಳೆ ಎಳೆಯಾಗಿ ಇಳಿಯುವ ನೀರು. ಫೆಬ್ರುವರಿಯಿಂದ ಮೇವರೆಗೆ ಬಂಡೆ.

ದಿನ ಗೊತ್ತು ಮಾಡಲು ನಾಲ್ಕೈದು ದಿನ ಮುಂಚಿನಿಂದ ಪತ್ರಿಕೆಯಲ್ಲಿ ಬರುವ ಜಲಾಶಯಗಳ ನೀರಿನ ಮಟ್ಟದ ಪಟ್ಟಿ ನೋಡುತ್ತಾ ಬನ್ನಿ. ಹಿಡಕಲ್ ಸಾಲಿನಲ್ಲಿ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಕ್ಯುಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಎಂಬ ಲೆಕ್ಕದಲ್ಲಿ, ಕೊಟ್ಟಿರುತ್ತಾರೆ. ಒಳಹರಿವು ಹೆಚ್ಚಿದ್ದು ಹೊರಹರಿವು ಇಲ್ಲವೇ ಇಲ್ಲ ಎಂದಾದರೆ ಇನ್ನೂ ಡ್ಯಾಮು ತುಂಬುತ್ತಿದೆ, ಕಾಯಿರಿ. ಹೊರಹರಿವು ದಿನದಿಂದ ದಿನಕ್ಕೆ ಏರುತ್ತಿದ್ದರೆ ಗಾಡಿ ತೆಗೆಯಿರಿ. ಆದರೆ ನದಿ ಪಾತ್ರದ ಜನರಿಗೆ ಎಚ್ಚರಿಕೆ ಕೊಟ್ಟಿದ್ದಾರೆ, ಗೋಕಾಕದ ಲೋಳಸೂರ ಸೇತುವೆಗೆ ನೀರು ತಾಗುತ್ತಿದೆ ಎಂಬ ಸುದ್ದಿ ಬಂದರೆ ಹೋಗಲೇಬೇಡಿ. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣದ ಮನೆಗಳಿಗೇ ನೀರು ನುಗ್ಗಿತ್ತು. ಊರಿನವರು ಪಾತ್ರೆ ಪಗಡ, ದನ ಕರು ಸಾಗಿಸುವ ಹೊತ್ತಿನಲ್ಲಿ ನಾವು ಫೋಟೋ ತೆಗೆಯಲು ಹೋಗಿ ರಸ್ತೆ ಕಟ್ಟುವುದು ತರವಲ್ಲ. ನೆರೆ ಇಳಿದು ಎರಡು ಮೂರು ದಿನ ಬಿಟ್ಟು ಹೋದರೂ ಕಣ್ತುಂಬ ನೀರು ಇರುತ್ತದೆ.

ಪತ್ರಿಕೆಗಿಂತ ಪಕ್ಕಾ ಸುದ್ದಿ ಬೇಕೆಂದರೆ ಆ ಕಡೆಯ ಯಾರಿಗಾದರೂ ಫೋನ್ ಮಾಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಗೋಕಾಕದ ಸುತ್ತ ಒಬ್ಬರಾದರೂ ಬೀಗರು, ಗೆಳೆಯರು ಇಲ್ಲದ ಮನೆ ಕಡಿಮೆ. "ಕಾಕಾ, ಫಾಲ್ಸಿಗೆ ನೀರ ಹೆಂಗದಾವ್ರಿ?" ಎಂದು ಕೇಳಿದರೆ ಸಾಕು. "ಬರಬ್ಯಾಡೋ ತಮ್ಮಾ, ಕಲ್ಲ ಕಾಣಾಕತ್ತಾವ" ಎಂದೋ, "ತುಂಬಿ ಬಿದ್ದೈತಿ, ನಾಳೆನ ಬಾ, ಊಟಕ್ಕ ಮನೀಗೆ ಬಂದ ಹೋಗ್ರಿ" ಎಂದೋ ಒಂದೇ ಮಾತಿನಲ್ಲಿ ತೀರ್ಮಾನ ಸಿಗುತ್ತದೆ.

2. ವಾರ ಮತ್ತು ಹೊತ್ತು

ಭಾನುವಾರ ಮತ್ತು ಆಗಸ್ಟ್ 15 ಬಿಟ್ಟುಬಿಡಿ. ಹಾಸ್ಟೆಲು ಹುಡುಗರ ಬೈಕುಗಳು, ಟೆಂಪೋಗಳು, ಕುಟುಂಬ ಸಮೇತ ಬಂದ ಕಾರುಗಳು ಎಲ್ಲ ಒಟ್ಟಿಗೆ ಸೇರಿ ರಸ್ತೆಯಲ್ಲೇ ಅರ್ಧ ದಿನ ಹೋಗುತ್ತದೆ. ಶ್ರಾವಣ ಸೋಮವಾರ ಜಲಪಾತದ ಪಕ್ಕದ ಗುಡಿಯ ಮಹಾಲಿಂಗೇಶ್ವರನ ದರ್ಶನಕ್ಕೆ ಬರುವವರು ಇರುತ್ತಾರೆ. ದೇವರ ಸಲುವಾಗಿ ಹೋಗುವವರಿಗೆ ಅದು ಒಳ್ಳೆಯ ದಿನ, ನೀರು ಮಾತ್ರ ನೋಡುವವರು ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ಆರಿಸಿಕೊಳ್ಳಿ.

ಬೆಳಿಗ್ಗೆ 8ರ ಆಸುಪಾಸಿಗೆ ಅಲ್ಲಿ ಮುಟ್ಟುವಂತೆ ಹೊರಡಿ. ಜನ ಇಲ್ಲದಿರುವುದು ಒಂದು ಲಾಭ. ಇನ್ನೊಂದು ಲಾಭ ಬಿಸಿಲಿನದು. ತುಂತುರಿನಲ್ಲಿ ಕಾಮನಬಿಲ್ಲು ಮೂಡಬೇಕಾದರೆ ಸೂರ್ಯ ನಿಮ್ಮ ಬೆನ್ನ ಹಿಂದೆ, ತುಂತುರು ಕಣ್ಣ ಮುಂದೆ, ಸೂರ್ಯ ಆಕಾಶದಲ್ಲಿ ತೀರಾ ಮೇಲೇರದೆ ಇರಬೇಕು. ನಡು ಮಧ್ಯಾಹ್ನ ಎಷ್ಟು ಹುಡುಕಿದರೂ ಎದುರಿಗೆ ಕಾಣುವುದಿಲ್ಲ, ಇಳಿದು ಕೊರಕಲಿನಲ್ಲಿ ಕೆಳಗೆಲ್ಲೋ ಒಂದು ತುಣುಕು ಕಂಡರೆ ಪುಣ್ಯ. ಮೋಡ ಸರಿದು ಬಿಸಿಲು ಬಿದ್ದ ತಕ್ಷಣ ಒಂದೇ ಕಡೆ ನಿಲ್ಲದೆ ನಾಲ್ಕು ಹೆಜ್ಜೆ ಆಚೆ ಈಚೆ ನಡೆದು ನೋಡಿ, ಬಿಲ್ಲು ನಿಮ್ಮ ಜೊತೆಗೇ ಸರಿಯುತ್ತದೆ.

3. ಹೋಗುವ ದಾರಿ

ಬೆಳಗಾವಿಯಿಂದ ಸುಮಾರು 60 ಕಿಲೋಮೀಟರ್ ದಾರಿ. ಸುಳೇಭಾವಿ, ಅಂಕಲಗಿ ಮೇಲೆ ಗೋಕಾಕ ಮುಟ್ಟುವ ದಾರಿ ಎಲ್ಲರಿಗೂ ಗೊತ್ತಿರುವಂಥದ್ದು. ಪಾಶ್ಚಾಪುರದ ಕಡೆಯಿಂದಲೂ ಬರಬಹುದು. ಗೊಡಚಿನಮಲ್ಕಿ ಜಲಪಾತವನ್ನೂ ಸೇರಿಸಿ ನೋಡುವವರಿಗೆ ಈ ಎರಡನೆಯದು ಅನುಕೂಲ, ಅದರ ಮಾತು ಮುಂದೆ ಬರುತ್ತದೆ. ಬಾಗಲಕೋಟೆಯವರು ಲೋಕಾಪುರ, ಯಾದವಾಡದ ಮೇಲೆ ಬನ್ನಿ. ವಿಜಯಪುರದವರಿಗೆ ಜಮಖಂಡಿ, ಮಹಾಲಿಂಗಪುರ, ಮೂಡಲಗಿ ದಾರಿ. ವಿಜಯಪುರದಿಂದ ಒಂದೇ ದಿನದಲ್ಲಿ ಹೋಗಿ ಬರುವುದಾದರೆ ಕೋಳಿ ಕೂಗುವ ಮುಂಚೆ ಹೊರಡಬೇಕು. ಇಲ್ಲವೆಂದರೆ ಹಿಂದಿನ ರಾತ್ರಿ ಗೋಕಾಕದಲ್ಲೋ ಬೆಳಗಾವಿಯಲ್ಲೋ ವಸ್ತಿ ಮಾಡಿ.

ಸಕ್ಕರೆ ಕಾರ್ಖಾನೆಗಳ ಸೀಮೆ ಇದು. ಮಳೆಗಾಲ ಮುಗಿದು ಕಬ್ಬಿನ ಹಂಗಾಮು ಶುರುವಾದ ಮೇಲೆ ಹೋದರೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು ರಸ್ತೆ ತುಂಬಾ ಹೋಗುತ್ತಿರುತ್ತವೆ. ಅನೇಕ ಟ್ರೇಲರುಗಳಿಗೆ ಹಿಂದೆ ದೀಪ ಇರುವುದಿಲ್ಲ. ಕತ್ತಲಾದ ಮೇಲೆ ಬೈಕಿನಲ್ಲಿ ಬರುವವರು ಇದನ್ನು ನೆನಪಿಡಲೇಬೇಕು.

ಬಸ್ಸಿಗೆ ಹೋಗುವುದಾದರೆ ಮೊದಲು ಗೋಕಾಕ ಬಸ್ ನಿಲ್ದಾಣ. ಅಲ್ಲಿಂದ ಕೊಣ್ಣೂರ ಕಡೆಗೆ ಹೋಗುವ ಬಸ್ ಹತ್ತಿ "ಫಾಲ್ಸ್" ಎಂದು ಟಿಕೆಟ್ ಕೇಳಿ. ಗೋಕಾಕ ಫಾಲ್ಸ್ ಎಂಬುದು ಜಲಪಾತದ ಹೆಸರಷ್ಟೇ ಅಲ್ಲ, ಗಿರಣಿಯ ಸುತ್ತ ಬೆಳೆದ ಒಂದು ಊರಿನ ಹೆಸರೂ ಹೌದು, ಆದ್ದರಿಂದ ಕಂಡಕ್ಟರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಕ್ಕ ತಂಗಿಯರು, ಅವ್ವಂದಿರು ಆಧಾರ್ ಕಾರ್ಡು ಜೊತೆಗೆ ಇಟ್ಟುಕೊಂಡರೆ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲದೆ ಹೋಗಿ ಬರಬಹುದು. 2023ರ ಜೂನ್‌ನಲ್ಲಿ ಈ ಯೋಜನೆ ಬಂದ ಮೇಲೆ ಮಹಿಳೆಯರೇ ಗುಂಪು ಕಟ್ಟಿಕೊಂಡು ರೊಟ್ಟಿ ಗಂಟಿನೊಂದಿಗೆ ಬರುವುದನ್ನು ಕಂಡರೆ ಸಂತೋಷವಾಗುತ್ತದೆ.

ರೈಲಿನವರಿಗೆ ಒಂದು ಎಚ್ಚರಿಕೆ. ಬೆಳಗಾವಿ–ಮಿರಜ ಮಾರ್ಗದಲ್ಲಿ "ಗೋಕಾಕ ರೋಡ್" ಎಂಬ ನಿಲ್ದಾಣ ಇದೆ. ಅದು ಗೋಕಾಕ ಪಟ್ಟಣದಲ್ಲಿ ಇಲ್ಲ, ಕೊಣ್ಣೂರಿನ ಹತ್ತಿರ ಇದೆ. ಅದರ ಮುಂದಿನದು ಘಟಪ್ರಭಾ. ಎಲ್ಲ ಗಾಡಿಗಳೂ ಗೋಕಾಕ ರೋಡ್‌ನಲ್ಲಿ ನಿಲ್ಲುವುದಿಲ್ಲ, ಹತ್ತುವ ಮುಂಚೆ ಕೇಳಿಕೊಳ್ಳಿ. ಎರಡೂ ಕಡೆಯಿಂದ ಫಾಲ್ಸ್‌ಗೆ ಆಟೋ ಅಥವಾ ಬಸ್ಸು ಹಿಡಿಯಬೇಕು.

4. ಮುಟ್ಟಿದ ಮೇಲೆ: ಆತುರ ಬೇಡ

ಗಾಡಿ ನಿಲ್ಲಿಸಿದ ಕೂಡಲೇ ಸದ್ದು ಕೇಳಿಸುತ್ತದೆ, ಕಾಲು ತಾನಾಗಿ ಓಡುತ್ತದೆ. ನೇರ ಅಂಚಿಗೆ ಹೋಗಬೇಡಿ. ಮೊದಲು ಪಕ್ಕದಿಂದ, ತಡೆಗಂಬಿ ಇರುವ ಕಡೆಯಿಂದ ಇಡೀ ಬಾಗನ್ನು ಒಮ್ಮೆ ನೋಡಿ. ಮಳೆಗಾಲದ ನೀರು ಬೆಳ್ಳಗಿರುತ್ತದೆ ಎಂದುಕೊಂಡು ಬಂದವರಿಗೆ ಮೊದಲ ನೋಟದಲ್ಲಿ ಅಚ್ಚರಿ ಕಾದಿರುತ್ತದೆ. ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ. ಮೇಲಿನ ಸೀಮೆಯ ಕೆಂಪು ಮಣ್ಣು, ಬಯಲಿನ ಎರೆಮಣ್ಣು ಎರಡನ್ನೂ ಹೊತ್ತು ತಂದ ನೀರು ಅದು. ಅಂಚಿನಲ್ಲಿ ದಪ್ಪಗೆ, ನುಣ್ಣಗೆ ಬಾಗಿ, ಒಂದು ಕ್ಷಣ ಗಾಜಿನ ಹಾಗೆ ತೋರಿ, ಮರುಕ್ಷಣ ಚೂರಾಗಿ ಕೆಳಗಿಳಿಯುತ್ತದೆ. ಅಲ್ಲೇ ಐದು ನಿಮಿಷ ಒಂದೇ ಕಡೆ ಕಣ್ಣು ನೆಟ್ಟು ನೋಡಿ. ಅಂಚಿನ ಯಾವ ಭಾಗದಲ್ಲಿ ನೀರು ದಪ್ಪ, ಎಲ್ಲಿ ತೆಳು, ಎಲ್ಲಿ ಕಲ್ಲಿಗೆ ಬಡಿದು ಹೊರಕ್ಕೆ ಚಿಮ್ಮುತ್ತದೆ ಎಂಬುದು ಆಮೇಲೆ ಕಾಣತೊಡಗುತ್ತದೆ. ಕೆಳಗಿನಿಂದ ಎದ್ದ ತುಂತುರು ಗಾಳಿಗೆ ಈ ಕಡೆ ತಿರುಗಿದರೆ ಎರಡೇ ನಿಮಿಷದಲ್ಲಿ ಅಂಗಿ ತೊಯ್ದುಹೋಗುತ್ತದೆ.

ಆಮೇಲೆ ಬಂಡೆಯನ್ನು ನೋಡಿ. ಯಾರೋ ಚಪ್ಪಡಿಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಪದರ ಪದರವಾಗಿದೆ. ಇದು ಭೂವಿಜ್ಞಾನಿಗಳು ಕಲಾದಗಿ ಹೆಸರಿನಿಂದ ಕರೆಯುವ ಬಂಡೆಗಳ ಗುಂಪಿಗೆ ಸೇರಿದ್ದು. ಆ ಕಲಾದಗಿ ಬಾಗಲಕೋಟೆಯ ಹತ್ತಿರದ ನಮ್ಮ ದಾಳಿಂಬೆ, ಚಿಕ್ಕು ಹಣ್ಣಿನ ಕಲಾದಗಿಯೇ. ಬಾದಾಮಿಯ ಗುಹೆಗಳನ್ನು ಕೊರೆದ ಕೆಂಪು ಮರಳುಗಲ್ಲೂ ಇದೇ ಬಳಗದ್ದು. ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಕೂತ ಮರಳು ಗಟ್ಟಿಯಾಗಿ ಕಲ್ಲಾಗಿದೆ, ಈಗ ಅದೇ ಕಲ್ಲನ್ನು ಘಟಪ್ರಭೆ ಮತ್ತೆ ಮರಳು ಮಾಡುತ್ತಿದ್ದಾಳೆ. ಪದರಗಳ ನಡುವೆ ಅಡ್ಡ, ಉದ್ದ ಸೀಳುಗಳಿವೆ. ನೀರು ಅಲ್ಲಿ ಹೊಕ್ಕು ಚಪ್ಪಡಿಗಳನ್ನು ಸಡಿಲಿಸಿ ಬೀಳಿಸುವುದರಿಂದಲೇ ಅಂಚು ಇಷ್ಟು ಕಡಿದಾಗಿ ಉಳಿದಿದೆ. ಈ ಒಂದು ಸಂಗತಿ ತಲೆಯಲ್ಲಿದ್ದರೆ ಅಂಚಿನ ತುದಿಗೆ ಹೋಗಿ ನಿಲ್ಲುವ ಮನಸ್ಸೇ ಆಗುವುದಿಲ್ಲ.

ಜಲಪಾತದ ಪಕ್ಕದಲ್ಲಿ ಚಾಲುಕ್ಯರ ಕಾಲದ ಗುಡಿಗಳಿವೆ. ಮಹಾಲಿಂಗೇಶ್ವರ ಗುಡಿ ದೊಡ್ಡದು, ದುರ್ಗೆ ಮತ್ತು ಷಣ್ಮುಖನ ಗುಡಿಗಳೂ ಇವೆ. ಬಹಳ ಜನ ಹೊರಗಿನಿಂದಲೇ ಕೈ ಮುಗಿದು ನೀರಿನ ಕಡೆ ಓಡುತ್ತಾರೆ. ಒಳಗೆ ಹೋಗಿ ಕಂಬಗಳನ್ನು ಮುಟ್ಟಿ ನೋಡಿ, ಸ್ವಲ್ಪ ಹೊತ್ತು ಕೂತು ಬನ್ನಿ. ನೀರಿನ ಅಬ್ಬರ ಕಲ್ಲಿನ ಗೋಡೆಯೊಳಗೆ ಬೇರೆಯೇ ರೀತಿ ಕೇಳುತ್ತದೆ. ಕೈಯಲ್ಲಿ ತಿಂಡಿಯ ಚೀಲ ಇದ್ದರೆ ಮಂಗಗಳ ಮೇಲೆ ಕಣ್ಣಿರಲಿ.

5. ತೂಗು ಸೇತುವೆ ಮತ್ತು ಗಿರಣಿ

ಗೋಕಾಕ ಎಂದರೆ ಎಲ್ಲರ ನೆನಪಿಗೆ ಬರುವುದು ತೂಗು ಸೇತುವೆ. ಸುಮಾರು 201 ಮೀಟರ್ ಉದ್ದ, ಕೆಳಗಿನ ಬಂಡೆಯಿಂದ ಸುಮಾರು 14 ಮೀಟರ್ ಎತ್ತರ. ನೀರು ಧುಮುಕುವ ಅಂಚಿಗಿಂತ ಸ್ವಲ್ಪ ಹಿಂದೆ, ಹೊಳೆಗೆ ಅಡ್ಡಲಾಗಿ ಇದನ್ನು ಕಟ್ಟಿದ್ದಾರೆ. ಹಾಗಾಗಿ ಸೇತುವೆಯ ಮೇಲೆ ನಿಂತಾಗ ನಿಮಗೆ ಕಾಣುವುದು ಬೀಳುವ ನೀರಿಗಿಂತ, ಬೀಳಲು ಓಡುತ್ತಿರುವ ನೀರು. ಕಾಲ ಕೆಳಗೆ ಹೊಳೆ ಬಂಡೆಗಳ ಸಂದಿಯಲ್ಲಿ ಸುಳಿ ಸುಳಿಯಾಗಿ ನುಗ್ಗಿ, ಮುಂದೆ ಒಂದು ಗೆರೆಯ ಹತ್ತಿರ ಮಾಯವಾಗುತ್ತದೆ. ಆ ಗೆರೆಯಾಚೆ ಬರೀ ತುಂತುರಿನ ಹೊಗೆ. ನನ್ನ ಮಟ್ಟಿಗೆ ಇಡೀ ಜಾಗದಲ್ಲಿ ಇದಕ್ಕಿಂತ ಮೈ ಜುಮ್ಮೆನ್ನಿಸುವ ನೋಟ ಇನ್ನೊಂದಿಲ್ಲ.

ಸೇತುವೆ ತೂಗುತ್ತದೆ, ಅದು ಅದರ ಗುಣ. ಎದುರಿನಿಂದ ಗುಂಪು ಬರುತ್ತಿದ್ದರೆ ಈ ಕಡೆಯೇ ನಿಂತು ಅವರನ್ನು ದಾಟಿಸಿ ಆಮೇಲೆ ಹೋಗಿ. ಎಲ್ಲರೂ ಒಂದೇ ಲಯದಲ್ಲಿ ಹೆಜ್ಜೆ ಹಾಕಿದರೆ ತೂಗಾಟ ಹೆಚ್ಚುತ್ತದೆ, ಆದ್ದರಿಂದ ಬಿಡಿ ಬಿಡಿಯಾಗಿ ನಡೆಯಿರಿ. ಹುಡುಗರು ನಡುವೆ ನಿಂತು ಕುಪ್ಪಳಿಸುವುದನ್ನು ಕಂಡರೆ ಸುಮ್ಮನಿರಬೇಡಿ, ಗದರಿಸಿ. ತಲೆ ಸುತ್ತು ಬರುವವರು ಕೆಳಗೆ ನೋಡದೆ ಎದುರಿನ ದಂಡೆ ನೋಡುತ್ತಾ ನಡೆಯಬೇಕು. ನೀರು ಹೆಚ್ಚಾದಾಗ, ದುರಸ್ತಿ ಇದ್ದಾಗ ಸೇತುವೆ ಮುಚ್ಚಿರುತ್ತಾರೆ. ಮುಚ್ಚಿದ್ದರೆ ಮುಚ್ಚಿದೆ. ಕಾವಲಿನವರ ಜೊತೆ ವಾದ ಮಾಡಿ, ಬೇಲಿ ದಾಟಿ ಹೋಗುವಂಥದ್ದು ಏನೂ ಇಲ್ಲ. ಪಕ್ಕದ ನೋಟವೇ ಬೇಕಾದಷ್ಟಿದೆ.

ಅಲ್ಲಿಂದ ಕಾಣುವ ಹಳೆಯ ಕಟ್ಟಡಗಳು ಗೋಕಾಕ ಗಿರಣಿಯವು. 1885ರಲ್ಲಿ ಕಂಪನಿ ಕಟ್ಟಿ, ಈ ನೀರಿನ ಬೀಳಿನ ಬಲದಿಂದಲೇ ಹತ್ತಿ ನೂಲುವ ಗಿರಣಿಯನ್ನು 1887ರಲ್ಲಿ ಶುರು ಮಾಡಿದರು. ಏಷ್ಯಾದಲ್ಲೇ ಮೊದಲು ನೀರಿನಿಂದ ವಿದ್ಯುತ್ ತಯಾರಾದದ್ದು ಇಲ್ಲೇ ಎಂದು ಜಿಲ್ಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಕೆಲಸ ನಡೆಯುವ ರೀತಿ ಸರಳ: ಅಂಚಿನ ಮೇಲ್ಭಾಗದಲ್ಲೇ ಒಂದಷ್ಟು ನೀರನ್ನು ಬೇರೆ ಮಾಡಿ, ಕೊಳವೆಯಲ್ಲಿ ಕೆಳಗಿನ ಕೊರಕಲಿಗೆ ಇಳಿಸಿ, ಅಲ್ಲಿನ ಟರ್ಬೈನನ್ನು ತಿರುಗಿಸುವುದು. ತಿರುಗಿಸಿ ಬಂದ ನೀರು ಮತ್ತೆ ಹೊಳೆಗೇ ಸೇರುತ್ತದೆ. ಕೊರಕಲಿನ ತಳದಲ್ಲಿ ಕಾಣುವ ವಿದ್ಯುತ್ ಮನೆ ಅದೇ, ಅಲ್ಲಿಗೆ ಇಳಿಯಲು ಹಗ್ಗದ ತೊಟ್ಟಿಲಿನ ದಾರಿ ಇದೆ. ಅದು ಗಿರಣಿಯ ಆಸ್ತಿ, ಪ್ರವಾಸಿಗರ ಆಟದ ಸಾಮಾನಲ್ಲ, ಅನುಮತಿ ಇಲ್ಲದೆ ಹತ್ತಿರ ಹೋಗಬೇಡಿ. ಶಿವನಸಮುದ್ರದ ವಿದ್ಯುತ್ ಕೋಲಾರಕ್ಕೆ ಹರಿದದ್ದು 1902ರಲ್ಲಿ. ಅದಕ್ಕೂ ಹದಿನೈದು ವರ್ಷ ಮುಂಚೆ ಉತ್ತರ ಕರ್ನಾಟಕದ ಒಂದು ಹೊಳೆ ಗಿರಣಿ ನಡೆಸಿದೆ ಎಂಬುದನ್ನು ಮಕ್ಕಳಿಗೆ ಅಲ್ಲೇ ನಿಲ್ಲಿಸಿ ಹೇಳಬೇಕು. ಶಾಲೆಯಲ್ಲಿ ಶಿವನಸಮುದ್ರದ ಪಾಠ ಬರುತ್ತದೆ, ಗೋಕಾಕದ್ದು ಎರಡು ಸಾಲಿನಲ್ಲಿ ಮುಗಿಯುತ್ತದೆ.

6. ಜೀವದ ಮಾತು

ಪ್ರತಿ ಮಳೆಗಾಲ ನಮ್ಮ ಜಿಲ್ಲೆಗಳ ಜಲಪಾತಗಳಿಂದ ಸಾವಿನ ಸುದ್ದಿ ಬರುತ್ತದೆ. ಅದರಲ್ಲಿ ಹೆಚ್ಚಿನವರು ಹರೆಯದ ಹುಡುಗರು. ಹೀಗಾಗಿ ಈ ಭಾಗವನ್ನು ಓದಿ ಬಿಟ್ಟರೆ ಸಾಲದು, ಜೊತೆಗೆ ಬರುವವರಿಗೆ ಮನೆಯಲ್ಲೇ ಹೇಳಿ ಹೊರಡಿ.

ನೀರು ಹರಿದು ನುಣುಪಾದ ಮರಳುಗಲ್ಲಿನ ಮೇಲೆ ಹಾವಸೆ ಕಟ್ಟಿರುತ್ತದೆ. ಹಸಿರಾಗಿ ಕಂಡರೆ ಗೊತ್ತಾಗುತ್ತದೆ, ಕಂದು ಬಣ್ಣದ ತೆಳು ಪದರ ಕಣ್ಣಿಗೆ ಕಾಣುವುದೇ ಇಲ್ಲ. ಅದರ ಮೇಲೆ ಯಾವ ಬೂಟೂ ಹಿಡಿಯುವುದಿಲ್ಲ. ಒಣಗಿದೆ ಎಂದು ಕಾಲಿಟ್ಟ ಕಲ್ಲು ತುಂತುರು ಬಿದ್ದ ಐದು ನಿಮಿಷಕ್ಕೆ ಜಾರುಬಂಡೆಯಾಗುತ್ತದೆ.

ಎರಡನೆಯ ಅಪಾಯ ನೀರು ಕಡಿಮೆ ಇದ್ದಾಗಿನದು. ಆಗ ಜನ ಹೊಳೆಯ ಪಾತ್ರಕ್ಕೆ ಇಳಿಯುತ್ತಾರೆ. ಬಂಡೆಯಲ್ಲಿ ನೀರು ಕಲ್ಲುಗಳನ್ನು ತಿರುಗಿಸಿ ತಿರುಗಿಸಿ ಕೊರೆದ ಕುಣಿಗಳಿರುತ್ತವೆ. ಮೇಲಿನಿಂದ ಮೊಣಕಾಲುದ್ದ ಕಾಣುವ ಕುಣಿ ತುಂಬಾ ಆಳವಾಗಿರಬಹುದು, ಒಳಗಿನ ಗೋಡೆ ನುಣ್ಣಗಿದ್ದು ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಕೆಸರು ನೀರಿನಲ್ಲಿ ತಳ ಕಾಣುವುದೂ ಇಲ್ಲ. ಈಜು ಬರುತ್ತದೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ತಲೆಯ ಮೇಲೆ ಮೋಡವಿಲ್ಲ, ಬಿಸಿಲು ಬಿದ್ದಿದೆ, ನೀರು ಶಾಂತವಾಗಿದೆ. ಆದರೆ ಮೇಲೆ ಗೇಟು ಎತ್ತಿರುತ್ತಾರೆ, ಆ ನೀರು ಕೆಲ ಗಂಟೆಗಳ ನಂತರ ಇಲ್ಲಿಗೆ ಬರುತ್ತದೆ. ನಡುಬಂಡೆಯ ಮೇಲೆ ಕೂತವರಿಗೆ ಸುತ್ತ ನೀರು ಏರಿದ್ದು ತಿಳಿಯುವಷ್ಟರಲ್ಲಿ ದಂಡೆಗೆ ಬರುವ ದಾರಿ ಮುಚ್ಚಿರುತ್ತದೆ. ನೀರಿನ ಬಣ್ಣ ಇದ್ದಕ್ಕಿದ್ದಂತೆ ಕೆಂಪಾದರೆ, ಕಸ ಕಡ್ಡಿ, ಜೊಂಡು ತೇಲಿ ಬರತೊಡಗಿದರೆ, ಸದ್ದು ದಪ್ಪಗಾದರೆ, ಚಪ್ಪಲಿ ಮೊಬೈಲು ಏನು ಬಿಟ್ಟರೂ ಸರಿ, ಎದ್ದು ದಂಡೆಗೆ ಬನ್ನಿ. ಅಲ್ಲಿ ಚುರುಮುರಿ, ಗೋಂಜಾಳದ ತೆನೆ ಮಾರುವವರಿಗೆ ಈ ಹೊಳೆಯ ಚರ್ಯೆ ನಮಗಿಂತ ಚೆನ್ನಾಗಿ ಗೊತ್ತು. "ಯಪ್ಪಾ, ಆ ಕಡೆ ಹೋಗಬ್ಯಾಡ್ರಿ, ನೀರ ಏರಾಕತ್ತೈತಿ" ಎಂದು ಅವರು ಹೇಳಿದರೆ ಅದೇ ಕೊನೆಯ ಮಾತು ಎಂದು ತಿಳಿಯಿರಿ.

ಮಕ್ಕಳ ಕೈ ಹಿಡಿಯುವುದಕ್ಕಿಂತ ಮಣಿಕಟ್ಟು ಹಿಡಿಯಿರಿ, ಒದ್ದೆ ಕೈ ಜಾರುತ್ತದೆ. ಕುಡಿದು ಬಂದ ಗೆಳೆಯನಿದ್ದರೆ ಅವನನ್ನು ಗಾಡಿಯಲ್ಲೇ ಬಿಟ್ಟು ಒಬ್ಬರು ಜೊತೆ ಇರಿ. ಸೆಲ್ಫಿ ತೆಗೆಯುವಾಗ ಬೆನ್ನು ನೀರಿನ ಕಡೆ ಮಾಡಿ ಹಿಂದೆ ಹಿಂದೆ ಸರಿಯುವ ಚಟ ಬಹಳರಿಗಿದೆ. ಮೊದಲು ನಿಲ್ಲುವ ಜಾಗ ನೋಡಿಕೊಂಡು ನಿಂತು, ಆಮೇಲೆ ಮೊಬೈಲು ಎತ್ತಿ, ತೆಗೆದಾಗುವವರೆಗೆ ಕಾಲು ಅಲುಗಿಸಬೇಡಿ. ಯಾರಾದರೂ ನೀರಿಗೆ ಬಿದ್ದರೆ ಅವರ ಹಿಂದೆ ಹಾರಬೇಡಿ. ಹಗ್ಗ, ಸೀರೆ, ಉದ್ದ ಕೋಲು ಏನಾದರೂ ಎಸೆಯಿರಿ, ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ.

7. ಫೋಟೋ ತೆಗೆಯುವವರಿಗೆ ನಾಲ್ಕು ಮಾತು

ತುಂತುರು ಲೆನ್ಸಿನ ಮೇಲೆ ಕೂರುವುದೇ ದೊಡ್ಡ ತಾಪತ್ರಯ. ಹಳೆಯ ಹತ್ತಿ ಪಂಚೆಯ ತುಂಡು ಎರಡು ಮೂರು ಇಟ್ಟುಕೊಳ್ಳಿ, ಒಂದು ಒದ್ದೆಯಾದರೆ ಇನ್ನೊಂದು. ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು ತೆಗೆಯುವಾಗ ಮಾತ್ರ ಹೊರಗೆ ತನ್ನಿ. ಬರೀ ನೀರನ್ನು ಹಿಡಿದರೆ ಚಿತ್ರದಲ್ಲಿ ಅಗಲ ಗೊತ್ತಾಗುವುದಿಲ್ಲ. ಒಂದು ಮೂಲೆಯಲ್ಲಿ ಸೇತುವೆಯೋ ಗುಡಿಯೋ ಬರಲಿ. ಒಂದು ವಿಡಿಯೋ ಮಾತಿಲ್ಲದೆ, ಹಿನ್ನೆಲೆ ಹಾಡಿಲ್ಲದೆ ಅರ್ಧ ನಿಮಿಷ ತೆಗೆಯಿರಿ. ಮನೆಯಲ್ಲಿರುವ ಹಿರಿಯರಿಗೆ ಕೇಳಿಸಲು ಅದೇ ಬೇಕಾಗುವುದು.

8. ಅದೇ ದಿನ ಗೊಡಚಿನಮಲ್ಕಿ

ಗೋಕಾಕದಲ್ಲಿ ಎರಡು ಮೂರು ಗಂಟೆ ಕಳೆದರೆ ಸಾಕಷ್ಟಾಯಿತು. ದಿನ ಇನ್ನೂ ಉಳಿದಿರುತ್ತದೆ. ಗೊಡಚಿನಮಲ್ಕಿ ಅಲ್ಲಿಂದ ಹೆಚ್ಚು ದೂರ ಇಲ್ಲ. ಇದು ಬೇರೆ ನದಿ, ಮಾರ್ಕಂಡೇಯ. ಮಾರ್ಕಂಡೇಯ ಮುಂದೆ ಹೋಗಿ ಗೋಕಾಕದ ಬಳಿ ಘಟಪ್ರಭೆಯನ್ನು ಸೇರುತ್ತದೆ. ಇಲ್ಲಿ ನೀರು ಎರಡು ಹಂತದಲ್ಲಿ ಇಳಿಯುತ್ತದೆ. ಮೊದಲ ಹಂತ ಸುಮಾರು 25 ಮೀಟರ್, ಸ್ವಲ್ಪ ದೂರ ಬಂಡೆಗಳ ನಡುವೆ ಹರಿದು ಎರಡನೆಯ ಹಂತ ಅದಕ್ಕಿಂತ ಕಡಿಮೆ ಎತ್ತರದಿಂದ. ಸುತ್ತ ಕುರುಚಲು ಕಾಡು, ಹಸಿರು ಗುಡ್ಡ. ಗೋಕಾಕದಲ್ಲಿ ನೀರಿನ ಅಬ್ಬರ ನೋಡಿ ಬಂದವರಿಗೆ ಇಲ್ಲಿ ಜಾಗದ ಚೆಲುವು ಹಿಡಿಸುತ್ತದೆ. ಚಿಕ್ಕ ಮಕ್ಕಳಿಲ್ಲದ, ನಡೆಯಲು ಬೇಸರವಿಲ್ಲದ ಗುಂಪಿಗೆ ನಾನು ಮೊದಲು ಗೊಡಚಿನಮಲ್ಕಿಯನ್ನೇ ಹೇಳುತ್ತೇನೆ.

ಇಲ್ಲಿಯೂ ಮೇಲೆ ಶಿರೂರಿನಲ್ಲಿ ಮಾರ್ಕಂಡೇಯ ಜಲಾಶಯ ಇದೆ, ಆದ್ದರಿಂದ ನೀರು ಏರುವ ಎಚ್ಚರಿಕೆ ಇಲ್ಲಿಗೂ ಅಷ್ಟೇ ಅನ್ವಯ. ಮಳೆಗಾಲದಲ್ಲಿ ಕೊನೆಯ ದಾರಿ ಕೆಸರಾಗಿರುತ್ತದೆ. ಎರೆಮಣ್ಣಿನಲ್ಲಿ ಕಾರಿನ ಗಾಲಿ ಹೂತರೆ ಟ್ರ್ಯಾಕ್ಟರ್ ಬಂದೇ ಎಳೆಯಬೇಕು. ದೂರದಲ್ಲೇ ಗಟ್ಟಿ ನೆಲದ ಮೇಲೆ ನಿಲ್ಲಿಸಿ ನಡೆದು ಹೋಗುವುದು ಒಳ್ಳೆಯದು. ಬೆಳಗಾವಿಯವರು ಬರುವಾಗ ಅಂಕಲಗಿ ಮೇಲೆ ಬಂದು ಗೋಕಾಕ ಮುಗಿಸಿ, ವಾಪಸು ಹೋಗುವಾಗ ಗೊಡಚಿನಮಲ್ಕಿ, ಪಾಶ್ಚಾಪುರದ ಮೇಲೆ ಹೋದರೆ ಒಂದೇ ದಾರಿ ಎರಡು ಸಲ ತುಳಿಯುವುದು ತಪ್ಪುತ್ತದೆ. ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಅಲ್ಲಿಂದ ಎದ್ದುಬಿಡಿ.

ಗೊಡಚಿನಮಲ್ಕಿ ಆಗದಿದ್ದರೆ ಗೋಕಾಕದ ಪಕ್ಕದ ಯೋಗಿಕೊಳ್ಳಕ್ಕೆ ಹೋಗಬಹುದು. ಕಣಿವೆಯೊಳಗಿನ ಮಲ್ಲಿಕಾರ್ಜುನನ ಗುಡಿ, ಸುತ್ತ ಬಂಡೆ. ಗಲಾಟೆ ಕಡಿಮೆ.

ಚಳಿಗಾಲದಲ್ಲಿ ಈ ಕಡೆ ಬರುವ ಪ್ರಸಂಗ ಬಂದರೆ ಜಲಪಾತದ ಆಸೆ ಬಿಟ್ಟು ಧೂಪದಾಳಕ್ಕೆ ಹೋಗಿ. 1974ರಲ್ಲಿ ಘೋಷಿಸಿದ ಘಟಪ್ರಭಾ ಪಕ್ಷಿಧಾಮ ಅದೇ ಹಿನ್ನೀರಿನ ಸುತ್ತ ಇದೆ. ನವೆಂಬರಿನಿಂದ ಮಾರ್ಚ್‌ವರೆಗೆ ದೂರದೇಶದ ಕೊಕ್ಕರೆ, ಕ್ರೌಂಚಗಳು ಬರುತ್ತವೆ. ದುರ್ಬೀನು ಇದ್ದರೆ ತನ್ನಿ, ಬೆಳಿಗ್ಗೆಯೇ ಹೋಗಿ.

9. ಊಟ, ತಿಂಡಿ, ಕರದಂಟು

ಫಾಲ್ಸ್ ಹತ್ತಿರ ಮಿರ್ಚಿ ಭಜಿ, ಚುರುಮುರಿ, ಚಹಾ, ಸುಟ್ಟ ಗೋಂಜಾಳ ಸಿಗುತ್ತವೆ. ತೊಯ್ದು ನಡುಗುವ ಹೊತ್ತಿನಲ್ಲಿ ಉಪ್ಪು ಖಾರ ನಿಂಬೆ ಹಚ್ಚಿದ ಬಿಸಿ ತೆನೆ ಕೈಗೆ ಬಂದರೆ ಬೇರೇನೂ ಬೇಡ. ಊಟಕ್ಕೆ ಗೋಕಾಕ ಪಟ್ಟಣದ ಖಾನಾವಳಿಗೆ ಬನ್ನಿ, ಜೋಳದ ರೊಟ್ಟಿ, ಎಣಗಾಯಿ, ಕಾಳು ಪಲ್ಯೆ, ಶೇಂಗಾ ಚಟ್ನಿ, ಮೊಸರು. ಮನೆಯಿಂದಲೇ ಕಟಕ ರೊಟ್ಟಿ, ಚಟ್ನಿ ಕಟ್ಟಿಕೊಂಡು ಬಂದರೆ ಇನ್ನೂ ಒಳ್ಳೆಯದು. ತಿಂದ ಮೇಲೆ ಕಾಗದ, ಬಾಟಲಿ ಅಲ್ಲಿ ಬಿಡದೆ ಅದೇ ಚೀಲದಲ್ಲಿ ವಾಪಸು ತನ್ನಿ. ಇಲ್ಲಿ ಎಸೆದದ್ದು ಹೊಳೆಯೊಂದಿಗೆ ಹೋಗಿ ಕೆಳಗಿನ ಊರುಗಳ ದಂಡೆಗೆ ಹತ್ತುತ್ತದೆ. ಶೌಚಾಲಯದ ಕೆಲಸ ಗೋಕಾಕ ಬಸ್ ನಿಲ್ದಾಣದಲ್ಲೇ ಮುಗಿಸಿಕೊಂಡು ಹೊರಡುವುದು ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ಅನುಕೂಲ. ಒಂದು ಜೊತೆ ಒಣ ಬಟ್ಟೆ, ಟವೆಲ್ಲು, ಕುಡಿಯುವ ನೀರು ಗಾಡಿಯಲ್ಲಿರಲಿ.

ಗೋಕಾಕಕ್ಕೆ ಹೋಗಿ ಕರದಂಟು ಇಲ್ಲದೆ ಮನೆಗೆ ಬಂದರೆ ಬಾಗಿಲಲ್ಲೇ ಕೇಳುತ್ತಾರೆ. ಅಂಟನ್ನು (ತಿನ್ನುವ ಗೋಂದನ್ನು) ತುಪ್ಪದಲ್ಲಿ ಹುರಿದಾಗ ಅದು ಅರಳಿ ಹಗುರಾಗುತ್ತದೆ. ಅದಕ್ಕೆ ಒಣ ಕೊಬ್ಬರಿ, ಗೋಡಂಬಿ, ಬಾದಾಮಿ, ಅಂಜೂರ, ಗಸಗಸೆ ಕೂಡಿಸಿ ಬೆಲ್ಲದ ಪಾಕದಲ್ಲಿ ಕಟ್ಟುತ್ತಾರೆ. ಬಾಣಂತಿಯರಿಗೆ ಕೊಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಇದೆ. ಬಾಗಲಕೋಟೆಯವರು ಅಮೀನಗಡದ್ದೇ ಮೇಲು ಎನ್ನುತ್ತಾರೆ, ಅದು ಇವತ್ತಿಗೆ ಮುಗಿಯುವ ವಾದವಲ್ಲ. ಅಂಗಡಿಯಲ್ಲಿ ಮೊದಲು ಒಂದು ಚೂರು ರುಚಿ ಕೇಳಿ. ಬಾಯಲ್ಲಿ ಅಂಟಿನ ತುಣುಕು ಕರುಂ ಎಂದು ಒಡೆಯಬೇಕು, ಹಲ್ಲಿಗೆ ಅಂಟಿ ಎಳೆಯಬಾರದು. ಬೆಲ್ಲ ಮುಂದಾಗಿ ಒಣಹಣ್ಣು ಹುಡುಕುವಂತಿದ್ದರೆ ಪಕ್ಕದ ಅಂಗಡಿ ನೋಡಿ. ಹಣ್ಣಿನ ಪ್ರಮಾಣಕ್ಕೆ ತಕ್ಕಂತೆ ಬೇರೆ ಬೇರೆ ದರದ ಬಗೆಗಳಿರುತ್ತವೆ, ಡಬ್ಬಿಯ ಮೇಲಿನ ಹೆಸರಿಗಿಂತ ಒಳಗಿನದನ್ನು ನೋಡಿ ಆರಿಸಿ. ತಯಾರಿಸಿದ ದಿನಾಂಕ ಹೊಸದಿರಲಿ. ಮಳೆಗಾಲದ ತೇವಕ್ಕೆ ಅಂಟು ಬೇಗ ಮೆತ್ತಗಾಗುತ್ತದೆ, ಮನೆಗೆ ತಂದ ಕೂಡಲೇ ಗಾಳಿ ಆಡದ ಸ್ಟೀಲು ಡಬ್ಬಿಗೆ ಹಾಕಿಡಿ.